ತಂಗಿದ್ದಾರೆ

ಹೋಟೆಲಿನ ಕೌಂಟರಿನ ಫೋನು ಬಡಿದುಕೊಂಡಾಗ ರಿಸೆಪ್ಷನಿಸ್ಟ್ ಟೈ ಸರಿಮಾಡಿಕೊಂಡೇ ಎತ್ತಿದ. ಫೋನಿನಲ್ಲಿ ಪುಸ್ತಕದ ಕನ್ನಡವನ್ನೇ ಆಡಬೇಕು, ‘ಉಳ್ಕೊಂಡಿದ್ದಾರೆ’ ಗಿಳ್ಕೊಂಡಿದ್ದಾರೆ ಎಂದರೆ ಹೋಟೆಲಿನ ಮರ್ಯಾದೆ ಉಳಿಯುವುದಿಲ್ಲ ಎಂದು ಮಾಲೀಕರ ಕಟ್ಟಪ್ಪಣೆ.

“ನಮ್ಮನೆಯವ್ರ ಮೊಬೈಲು ಆಫ್ ಆಗಿದೆ. ಮಿಮಿಕ್ರಿ ಮಾಡ್ತಾರಲ್ಲ, ಅವರು. ನಿಮ್ಮಲ್ಲೇ ಇದಾರಾ?” ಎಂದಿತು ಅತ್ತಲಿನ ಹೆಣ್ಣುದನಿ. ಒದ್ದೆ ಟವಲನ್ನು ಹಾಸಿಗೆ ಮೇಲೆಯೇ ಒಗೆದು ರೈಲು ಹತ್ತಿದ್ದ ಗಂಡನನ್ನು ತರಾಟೆಗೆ ತೆಗೆದುಕೊಳ್ಳುವುದು ಆಕೆಯ ಉದ್ದೇಶವಾಗಿತ್ತು.

“ಹೌದು ಮೇಡಂ. ಮುನ್ನೂರ ಮೂರರಲ್ಲಿ ತಂಗಿದ್ದಾರೆ.”

“ತಂಗಿದ್ದಾರಾ?”

“ತಂಗಿದ್ದಾರೆ.”

“ಎಷ್ಟು ಜನ?”

“ಒಬ್ಬರೇ ಮೇಡಂ. ಒಬ್ಬರೇ ತಂಗಿದ್ದಾರೆ.”

“ಇದೇ ಮೊದಲನೇ ಸಲಾನಾ?”

“ಛೆ ಛೆ, ಹೋದ ಸಲವೂ ತಂಗಿದ್ದರು!” ಎಂದ ರಿಸೆಪ್ಷನಿಸ್ಟ್ ಹೆಮ್ಮೆಯಿಂದ.

ಫೋನು ಟಪ್ಪೆಂದು ಕಟ್ಟಾಯಿತು. ಆಕೆಯ ಅತ್ತೆ ಹೆತ್ತದ್ದು ಒಂದೇ ಒಂದು, ಅದೂ ಗಂಡು. ಈಗ ತಂಗಿ ಎಲ್ಲಿಂದ ಹುಟ್ಟಿದಳು?

ಆಕೆ ನೆಟ್ಟಗೆ ರೈಲ್ವೆ ಸ್ಟೇಷನ್ನಿಗೆ ಓಡಿದಳು. ಕೊನೇ ಗಳಿಗೆಯ ಟಿಕೆಟ್ಟಿನ ದರ ಕೇಳಿದ್ದರೆ ಬೇರೆ ದಿನ ಆಕೆ ಸ್ಟೇಷನ್ನಿನಿಂದಲೇ ಮನೆಗೆ ತಿರುಗುತ್ತಿದ್ದಳು. ಟಿಕೆಟ್ ಕಿಟಕಿಯ ಆಚೆ ದರವಿತ್ತು, ಆದರವಿರಲಿಲ್ಲ. ಗುಮಾಸ್ತ ತಲೆಯನ್ನೂ ಎತ್ತದೆ, “ಹೋಗಿಬರೋದು ಒಟ್ಟಿಗೆ ತಗೊಂಡ್ರೆ ಕಮ್ಮಿ ಬೀಳುತ್ತೆ” ಎಂದ.

“ಹೋಗೋಕೆ ಒಂದು ಕೊಡಿ. ಬರೋಕೆ ಒಂದು ಬೇಕೋ ಎರಡು ಬೇಕೋ, ಅಲ್ಲಿ ಹೋಗಿ ನೋಡಿ ಹೇಳ್ತೀನಿ” ಎಂದಳು ಆಕೆ.

ಮುನ್ನೂರ ಮೂರರ ಬಾಗಿಲು ಬಡಿಯಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಒಳಗೆ ಹೆಂಗಸೊಬ್ಬಳು ಗುಡುಗುತ್ತಿದ್ದಳು: “ಒದ್ದೆ ಟವಲು ಹಾಸಿಗೆ ಮೇಲಾ? ಎಷ್ಟು ಸಲ ಹೇಳ್ಬೇಕ್ರೀ? ನಾನೇನು ನಿಮ್ಮನೆ ಬಟ್ಟೆ ಒಣಗಿಸೋ ಹಗ್ಗಾನಾ?” ಆಮೇಲೆ ಗಂಡನ ದನಿ, ಬಾಲ ಮಡಚಿದಂತೆ: “ಆಯ್ತು ಕಣೇ, ಆಯ್ತು.”

ಇವಳಿಗೂ ಟವಲ್ ಸೇವೆಯಾ! ಆಕೆ ಬಾಗಿಲನ್ನು ಬಡಿದ ರಭಸಕ್ಕೆ ಅದು ತಾನಾಗಿಯೇ ತೆರೆದುಕೊಂಡಿತೋ, ಗಂಡ ತೆರೆದನೋ ತಿಳಿಯಲಿಲ್ಲ. ಮಂಚದ ಕೆಳಗೆ, ಬೀರುವಿನೊಳಗೆ, ಬಚ್ಚಲಿನ ಪರದೆಯ ಹಿಂದೆ ಎಲ್ಲ ಹುಡುಕಿದಳು. ಸಿಕ್ಕಿದ್ದು ಹಾಸಿಗೆಯ ಮೇಲೆ ಬಿದ್ದಿದ್ದ ಒಂದು ಒದ್ದೆ ಟವಲು ಮಾತ್ರ.

“ಎಲ್ರೀ ನಿಮ್ಮ ತಂಗಿ?”

“ನನಗೆಲ್ಲಿ ತಂಗಿ ಮಾರಾಯ್ತಿ?”

“ಕೆಳಗಿನವನೇ ಹೇಳಿದಾನೆ, ತಂಗಿದ್ದಾರೆ ಅಂತ!”

 ಗಂಡ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಮಂಚಕ್ಕೆ ಒರಗಿದ. “ತಂಗಿದ್ದಾರೆ ಅಂದ್ರೆ ತಂಗಿ ಇದ್ದಾರೆ ಅಂತಲ್ವೇ! ಉಳ್ಕೊಂಡಿದ್ದಾರೆ ಅಂತ!”

ಆಕೆಗೆ ನಗುವೂ ಬಂತು, ಟಿಕೆಟ್ಟಿನ ದರ ನೆನಪಾಗಿ ಸಂಕಟವೂ ಬಂತು. ಕೆಳಗಿನ ಕೆಫೆಯಲ್ಲಿ ಕಾಫಿ ಮುಂದೆ ಕೂತ ಮೇಲೆಯೇ ಎರಡನೆಯ ಸಂಶಯ ತಲೆಯೆತ್ತಿದ್ದು. “ಅದ್ಸರಿ, ರೂಮಲ್ಲಿ ಗಂಟಲು ಹರ್ಕೋತಿದ್ದ ಹೆಂಗಸು ಯಾರು?”

ಗಂಡನ ನಗು ಕಾಫಿಯಲ್ಲಿ ಮುಳುಗಿತು. ಮದುವೆಯಾದ ಹೊಸದರಲ್ಲೇ ಆಕೆ ಕರಾರು ಹಾಕಿದ್ದಳು: ಊರವರನ್ನೆಲ್ಲ ಅಣಕಿಸಿ, ನಮ್ಮಪ್ಪನನ್ನೂ ಬಿಡಬೇಡಿ, ನನ್ನೊಬ್ಬಳನ್ನ ಬಿಟ್ಟು. ನನ್ನ ದನಿ ಸ್ಟೇಜು ಹತ್ತಿದ ದಿನ ನಾನು ತವರಿನ ರೈಲು ಹತ್ತುತ್ತೇನೆ.

“ಅದು... ನಾಳೆ ಕಾರ್ಯಕ್ರಮಕ್ಕೆ ಹೊಸ ಐಟಂ.”

“ಯಾರದು? ತಡೀರಿ, ಹೇಳ್ಬೇಡಿ, ನನಗೇ ಗೊತ್ತಾಯ್ತು!” ಆಕೆ ಮೇಜು ಕುಟ್ಟಿದಳು. “ಪಕ್ಕದ್ಮನೆಯವಳು! ಅದೇ ತಗಡು ಬಡಿದಂಥ ಗಂಟಲು, ಅದೇ ಬಿರುಸು. ಪಾಪ ರೀ ಅವಳ ಗಂಡ. ಅಂಥವಳ ಜೊತೆ ಅದ್ಹೇಗೆ ಸಂಸಾರ ಮಾಡ್ತಾನೋ!”

“ಹೇಗೋ ಮಾಡ್ತಾನೆ, ಪಾಪ” ಎಂದ ಗಂಡ, ಮನಸ್ಸಾರೆ. ಹಣೆಯ ಬೆವರು ಒರೆಸಿಕೊಂಡ. ಬದುಕಿದೆ ಎಂಬ ನೆಮ್ಮದಿಯಲ್ಲಿ ಕೈ ಕರ್ಚೀಫನ್ನು ತಂತಾನೇ ಆಕೆಯ ಪಕ್ಕದ ಕುರ್ಚಿಯ ಮೇಲೆ ಒಗೆಯಿತು.

“ಒದ್ದೆ ಕರ್ಚೀಫು ಕುರ್ಚಿ ಮೇಲಾ? ಎಷ್ಟು ಸಲ ಹೇಳ್ಬೇಕ್ರೀ? ನಾನೇನು ನಿಮ್ಮನೆ ಬಟ್ಟೆ ಒಣಗಿಸೋ ಹಗ್ಗಾನಾ?”

ಫೋನಿನ ಎಡವಟ್ಟನ್ನು ಗಂಡನಿಂದ ತಿಳಿದು ಕ್ಷಮೆ ಕೇಳಲು ಬಂದಿದ್ದ ರಿಸೆಪ್ಷನಿಸ್ಟ್ ಅಲ್ಲೇ ನಿಂತು ಚಪ್ಪಾಳೆ ತಟ್ಟಿದ. “ಅಬ್ಬಾ, ಮೇಡಂ! ನೀವೂ ಮಿಮಿಕ್ರಿ ಮಾಡ್ತೀರಾ? ಸಾರ್ ನಿನ್ನೆಯಿಂದ ರೂಮಲ್ಲಿ ಇದನ್ನೇ ಮಾಡ್ತಿದಾರೆ. ಬೇಜಾರು ಮಾಡ್ಕೋಬೇಡಿ, ಅವರಷ್ಟು ಚೆನ್ನಾಗಿ ಬರಲಿಲ್ಲ. ಆ ‘ಹಗ್ಗಾನಾ’ ಇದೆಯಲ್ಲ, ಅದನ್ನ ಇನ್ನೂ ಸ್ವಲ್ಪ ಎಳೀಬೇಕು.”

 ಆಕೆ ಕೈಚಾಚಿ, ಗಂಡನ ಜೇಬಿನಿಂದ ಮುನ್ನೂರ ಮೂರರ ಬೀಗದ ಕೈ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ಮರುದಿನ ಬೆಳಗ್ಗೆ ಕಾರ್ಯಕ್ರಮದವರು ಹೋಟೆಲಿಗೆ ಫೋನ್ ಮಾಡಿ, ಮಿಮಿಕ್ರಿಯವರು ಇದ್ದಾರೆಯೇ ಎಂದು ವಿಚಾರಿಸಿದರು. ರಿಸೆಪ್ಷನಿಸ್ಟ್ ಮುಂದಿನ ಸೋಫಾದ ಕಡೆ ನೋಡಿದ. ಮೈಮೇಲೆ ಒಂದು ಒದ್ದೆ ಟವಲನ್ನು ಹೊದ್ದು ಅಲ್ಲಿ ಯಾರೋ ಮುದುರಿಕೊಂಡಿದ್ದರು. ಮಾಲೀಕರ ಕಟ್ಟಪ್ಪಣೆಯನ್ನು ಅವನು ಮೊದಲ ಸಲ ಮುರಿದ.

“ಮೇಡಂ ಮೇಲೆ ತಂಗಿದ್ದಾರೆ. ಸಾರ್ ಕೆಳಗೆ... ಹೇಗೋ ಉಳ್ಕೊಂಡಿದ್ದಾರೆ.”