ಹದಿನೆಂಟು ಮಿಲಿಮೀಟರ್

"ಹದಿನಾರಲ್ಲ, ಹದಿನೆಂಟು. ಹದಿನೆಂಟು ಮಿಲಿಮೀಟರ್ ದಪ್ಪದ್ದು," ಎಂದು ಮೂಳೆ ಡಾಕ್ಟರು ಫೋನಿನಲ್ಲಿ ಮೂರನೇ ಸಲ ಹೇಳಿದರು. "ಒಂದು ಬಂದಿದೆ, ಗೊತ್ತು. ನನಗೆ ಇನ್ನೊಂದು ಬೇಕು."

ಆ ಕಡೆಯಿಂದ ಕಂಪನಿಯವನು ಇನ್ನೂ ಹತ್ತು ದಿನ ಬೇಕು ಎಂದ. ಡಾಕ್ಟರು ಫೋನನ್ನು ಮೇಜಿನ ಮೇಲೆ ಕುಕ್ಕಿದರು.

ಗೋಡೆಯ ಬೆಳಕಿನ ಪೆಟ್ಟಿಗೆಯಲ್ಲಿ ಎರಡು ಎಕ್ಸ್‌ರೇ ತೂಗುತ್ತಿದ್ದವು. ಎಡಗಡೆಯದು ಎಪ್ಪತ್ತನಾಲ್ಕು ವರ್ಷದ ಟೈಲರ್ ತಾತನದು. ಹದಿನೈದು ವರ್ಷದ ಹಿಂದೆ ಹಾಕಿಸಿಕೊಂಡಿದ್ದ ಸೊಂಟದ ಕೃತಕ ಕೀಲು ಸಡಿಲವಾಗಿ, ತೊಡೆಮೂಳೆಯೊಳಗಿನ ಲೋಹದ ಕಡ್ಡಿ ಹೆಜ್ಜೆಹೆಜ್ಜೆಗೂ ಅಲ್ಲಾಡುತ್ತಿತ್ತು. ಅದನ್ನು ತೆಗೆದು ಉದ್ದನೆಯ ಟೈಟಾನಿಯಂ ಕಡ್ಡಿ ಕೂರಿಸಬೇಕು. ಅದಕ್ಕಾಗಿ ತಾತ ಆರು ವಾರ ಕಾದಿದ್ದರು. ಎರಡು ಸಲ ತಪ್ಪು ಅಳತೆಯದು ಬಂದು, ಎರಡು ಸಲವೂ ಕುಂಟುತ್ತಾ ಮನೆಗೆ ಹೋಗಿದ್ದರು.

ಬಲಗಡೆಯದು ಸ್ಕೂಲ್ ಬಸ್ ಓಡಿಸುವ ಹೆಂಗಸಿನದು. ವಯಸ್ಸು ನಲವತ್ತೊಂಬತ್ತು. ಅವಳಿಗೂ ಹಳೆಯ ಕೃತಕ ಕೀಲು. ಮೊನ್ನೆ ಮೆಟ್ಟಿಲಲ್ಲಿ ಜಾರಿ, ಕಡ್ಡಿಯ ಸುತ್ತಲೇ ಮೂಳೆ ಮುರಿದಿತ್ತು. ಅವಳಿಗೂ ಬೇಕಾದದ್ದು ಅದೇ ಕಡ್ಡಿ, ಅದೇ ದಪ್ಪ. ಹತ್ತು ದಿನ ಮಲಗಿ ಕಾಯುವ ಹಾಗಿರಲಿಲ್ಲ. ಆಗಲೇ ಎದೆಯಲ್ಲಿ ಕಫ ಕಟ್ಟತೊಡಗಿತ್ತು.

ಉಳಿದಿದ್ದದ್ದು ಸಿಮೆಂಟ್ ಹಾಕಿ ಕೂರಿಸುವ ಇನ್ನೊಂದು ಬಗೆಯ ಕಡ್ಡಿ. ತಾತನ ಮೂಳೆಯ ಒಳಗೋಡೆ ಸವೆದು ನುಣ್ಣಗಾಗಿತ್ತು, ಅಲ್ಲಿ ಸಿಮೆಂಟ್ ಹಿಡಿಯದು. ಅವಳಿಗಾದರೆ ಐದಾರು ವರ್ಷ ತಳ್ಳಬಹುದು. ಆಮೇಲೆ ಅದೇ ತೊಡೆಯನ್ನು ಮತ್ತೆ ಕೊಯ್ಯಬೇಕು. ಡಾಕ್ಟರು ಸಂಜೆಯೆಲ್ಲಾ ಲೆಕ್ಕ ಹಾಕಿದರು. ಯಾವ ಕಡೆಯಿಂದ ಹೊರಟರೂ ಯಾರಿಗೋ ಅನ್ಯಾಯವಾಗುತ್ತಿತ್ತು. ಕೊನೆಗೆ "ಇರೋದು ಒಂದೇ ಕಡ್ಡಿ, ಬಸ್ಸಿನಮ್ಮನಿಗೆ ಸಿಮೆಂಟೇ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಬರೆದರು. ತಾತನಿಗೆ ಮೂರನೇ ಸಲ ಮನೆಗೆ ಹೋಗಿ ಎನ್ನಲು ಅವರಿಗೆ ಮುಖವಿರಲಿಲ್ಲ.

ಹಿಂದೆ ಗಾಲಿಕುರ್ಚಿ ಕಿರುಗುಟ್ಟಿತು. ತಾತ ಸಹಿ ಹಾಕಲು ಬಂದಿದ್ದರು. ಬಂದು ಎಷ್ಟು ಹೊತ್ತಾಗಿತ್ತೋ.

"ಎರಡೂ ಒಂದೇ ಅಳತೆನಾ ಡಾಕ್ಟ್ರೇ?"

"ಅದು ನಿಮಗ್ಯಾಕೆ ತಾತ? ನಿಮ್ಮದು ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ಗ್ಯಾರಂಟಿ."

"ಹೋದ ಸಲಾನೂ ಗ್ಯಾರಂಟಿ ಅಂದಿದ್ರಿ. ಒಂದು ಪ್ಯಾಂಟಿಗೆ ಇಷ್ಟು ಓಡಾಡಿಸಿದ್ರೆ ಗಿರಾಕಿಗಳು ನನ್ನ ಅಂಗಡಿಗೇ ಬೆಂಕಿ ಇಡ್ತಿದ್ರು."

ಡಾಕ್ಟರು ನಗಲಿಲ್ಲ. "ರಾತ್ರಿ ಹತ್ತರ ಮೇಲೆ ಏನೂ ತಿನ್ನಬಾರದು. ಒಂದು ಬಿಸ್ಕತ್ತೂ ಇಲ್ಲ."

ಸುಮ್ಮನೆ ಹೇಳಿದ ಮಾತಲ್ಲ ಅದು. ತಾತನ ಬಾಯಿಚಪಲ ವಾರ್ಡಿಗೆಲ್ಲಾ ಗೊತ್ತಿತ್ತು. ಸಿಸ್ಟರು ಅವರ ದಿಂಬಿನಡಿಯಿಂದ ಎರಡು ಪೊಟ್ಟಣ ಬಿಸ್ಕತ್ತು ವಶಪಡಿಸಿಕೊಂಡು ಇನ್ನೂ ಎರಡು ದಿನವಾಗಿರಲಿಲ್ಲ. ತಾತ ಗೊಣಗುತ್ತಲೇ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅರಿವಳಿಕೆ ಡಾಕ್ಟರ ಫೋನು ಬಂತು. "ನಿಮ್ಮ ಟೈಲರ್ ಏಳು ಗಂಟೆಗೇ ತಿಂಡಿ ತಿಂದು ಕೂತಿದ್ದಾರೆ. ನಾಲ್ಕು ಬ್ರೆಡ್ಡು, ಎರಡು ಮೊಟ್ಟೆ, ಒಂದು ಲೋಟ ಹಾಲು. ಕೇಳಿದ್ದಕ್ಕೆ ಅವರೇ ಹೇಳಿದ್ರು. ನಾನಂತೂ ಮತ್ತು ಕೊಡಲ್ಲ."

ಡಾಕ್ಟರು ದಡದಡನೆ ವಾರ್ಡಿಗೆ ನುಗ್ಗಿದರು. ಬಾಗಿಲ ಬಳಿಯ ಹಾಸಿಗೆಯವನು "ಡಾಕ್ಟ್ರೇ, ತಿಂಡಿ..." ಎಂದು ಬಾಯಿ ತೆಗೆದ. ಅವರು ಕೈಯೆತ್ತಿ ಸುಮ್ಮನಿರಿಸಿ ಮುಂದೆ ಹೋದರು.

"ಬುದ್ಧಿ ಇದೆಯಾ ತಾತ ನಿಮಗೆ? ಆರು ವಾರ ಕಾದೋರಿಗೆ ಇನ್ನೆರಡು ಗಂಟೆ ಕಾಯೋಕಾಗ್ಲಿಲ್ವಾ?"

"ಹಸಿವು ತಡ್ಕೊಳ್ಳೋಕಾಗ್ಲಿಲ್ಲ." ತಾತ ಗೋಡೆಯ ಕಡೆ ತಿರುಗಿದ್ದರು.

"ಮಧ್ಯಾಹ್ನದ ಮೇಲೆ ಥಿಯೇಟರ್ ಬೇರೆಯವರದು. ಆ ಕಡ್ಡೀನ ಈಗ ನಿಮ್ಮ ನಂತರದ ಸರದಿಗೆ ಉಪವಾಸ ಕೂತಿರೋ ಬಸ್ಸಿನಮ್ಮನಿಗೇ ಹಾಕ್ತೀನಿ. ನೀವು ಇನ್ನು ಹತ್ತು ದಿನ ನರಳಿ."

"ಏನು ಮಾಡೋದು, ನನ್ನದೇ ತಪ್ಪು."

ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಡಾಕ್ಟರ ಸಿಟ್ಟನ್ನು ಇಮ್ಮಡಿ ಮಾಡಿತು. ಎಷ್ಟು ಫೋನು, ಎಷ್ಟು ಜಗಳ, ಎಲ್ಲಾ ನಾಲ್ಕು ತುಂಡು ಬ್ರೆಡ್ಡಿಗೆ ನೀರುಪಾಲು.

ಕಡ್ಡಿ ಬಸ್ಸಿನ ಹೆಂಗಸಿನ ಮೂಳೆಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಗಟ್ಟಿಯಾಗಿ ಕೂತಿತು. ಇನ್ನು ಇಪ್ಪತ್ತು ವರ್ಷ ಆ ತೊಡೆಯ ತಂಟೆಗೆ ಹೋಗಬೇಕಾಗಿ ಬರಲಾರದು. ಆದರೂ ಕೈಗವಸು ಬಿಚ್ಚುವಾಗ ಡಾಕ್ಟರು ಹಲ್ಲು ಕಚ್ಚಿಕೊಂಡೇ ಇದ್ದರು. ಹೊರಗೆ ಬಂದವರೇ ಅಡುಗೆಮನೆಗೆ ಒಂದು ಚೀಟಿ ಗೀಚಿ ಕಳಿಸಿದರು: ಉಪವಾಸದ ಬೋರ್ಡ್ ತಗಲಿಸಿದ್ದ ರೋಗಿಗೆ ಏಳು ಗಂಟೆಗೆ ತಿಂಡಿ ಕೊಟ್ಟವರು ಯಾರು? ಇವತ್ತೇ ಉತ್ತರ ಬೇಕು.

ಮೂರು ಗಂಟೆಗೆ ಉತ್ತರ ನಡೆದುಕೊಂಡೇ ಬಂತು. ತಿಂಡಿಯ ಗಾಡಿ ತಳ್ಳುವ ಹೆಂಗಸು, ಕೈಯಲ್ಲಿ ಅದೇ ಚೀಟಿ, ಮುಖ ಕೆಂಪಗೆ.

"ಇದು ನೀವು ಬರೆದಿದ್ದಾ ಡಾಕ್ಟ್ರೇ?"

"ಹೌದು. ಯಾರು ಕೊಟ್ಟಿದ್ದು?"

"ಏಳು ಗಂಟೆಗೆ ಯಾರಿಗೂ ಏನೂ ಕೊಟ್ಟಿಲ್ಲ. ಇವತ್ತು ಬೆಳಿಗ್ಗೆ ಗ್ಯಾಸೇ ಇರಲಿಲ್ಲ, ನನ್ನ ಗಾಡಿ ವಾರ್ಡಿಗೆ ಬಂದಿದ್ದೇ ಒಂಬತ್ತೂವರೆಗೆ. ಆಗಲೂ ಆ ತಾತ ತಟ್ಟೆ ಮುಟ್ಟಲಿಲ್ಲ. ಬಸ್ಸಿನಮ್ಮನ್ನ ಒಳಗೆ ಕರ್ಕೊಂಡು ಹೋದ್ರಾ ನೋಡಿ ಬಾ ತಾಯಿ ಅಂತ ನನ್ನ ಎರಡು ಸಲ ಓಡಿಸಿ, ಹೋದ್ರು ಅಂದ ಮೇಲೇ ಬ್ರೆಡ್ಡಿಗೆ ಕೈ ಹಾಕಿದ್ದು."