ಗ್ಯಾಲರಿಯ ಸಿಳ್ಳೆ

ಗೆಳೆಯರ ಜೊತೆ ಮೊಬೈಲಿನಲ್ಲಿ ಆಡುವ ಫ್ಯಾಂಟಸಿ ಕಬಡ್ಡಿಗೆ ಆಟಗಾರರನ್ನು ಆರಿಸುವಾಗ ಚನ್ನಿಗಪ್ಪ ಸ್ವಂತ ಮಗನನ್ನೇ ಕೈಬಿಟ್ಟಿದ್ದ. ಆರಿಸಿದವರು ನಿಜವಾದ ಪಂದ್ಯದಲ್ಲಿ ಗಳಿಸುವ ಪಾಯಿಂಟೇ ಆರಿಸಿದವನ ಪಾಯಿಂಟ್. ಒಂದೇ ಸಮ ಸೋಲುತ್ತಿರುವ ತಂಡದ ಹೊಸ ರೈಡರ್, ಅವನಿಂದ ಎಷ್ಟು ಪಾಯಿಂಟ್ ಬಂದೀತು? ಎದುರಾಳಿ ತಂಡದ ಡಿಫೆಂಡರನ್ನು ತನ್ನ ಮೊಬೈಲ್ ತಂಡದ ಕ್ಯಾಪ್ಟನ್ ಮಾಡಿಕೊಂಡು, ಆಟ ನೋಡಲು ಗ್ಯಾಲರಿಯಲ್ಲಿ ಕೂತ.

ಕೊನೆಯ ರೈಡಿನಲ್ಲಿ ಅದೇ ಡಿಫೆಂಡರ್ ಮಗನ ಕಾಲು ಹಿಡಿದು ಕೆಡವಿದ. ತನಗೆ ಪಾಯಿಂಟ್ ಬಂದ ಖುಷಿಗೆ ಚನ್ನಿಗಪ್ಪ ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆದೇಬಿಟ್ಟ. ಮರುಕ್ಷಣ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಟ ಮುಗಿದ ಮೇಲೆ ಮಗ ಕುಂಟುತ್ತ ಬಂದ.

"ಮಗಾ, ನಾನೊಂದು ತಪ್ಪು ಮಾಡ್ಬುಟ್ಟೆ..."

ಮಗನ ಕಿವಿಗೆ ಅದು ಬೀಳಲೇ ಇಲ್ಲ.

"ಬಿದ್ದಾಗ ಏಳಕ್ಕೇ ಮನಸ್ಸಿರ್ಲಿಲ್ಲ ಕಣಪ್ಪ. ನಮ್ಮೋರೆಲ್ಲ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ನಿನ್ನ ಸಿಳ್ಳೆ ಒಂದೇ ಕೇಳುಸ್ತು. ಅದುಕ್ಕೇ ಎದ್ದೆ."