ಒಂದೇ ಮಡಿಕೆ

ಹೊಸ ಸೀರೆ ಬಿಚ್ಚಿದಾಗ ಬರುವ ಗಂಜಿಯ ವಾಸನೆ ಇವತ್ತಿಗೂ ನನ್ನನ್ನು ಕುಷ್ಟಗಿ ಹತ್ತಿರದ ನಮ್ಮ ನೇಕಾರರ ಮನೆಯ ಪಡಸಾಲೆಗೆ ಎಳೆದೊಯ್ಯುತ್ತದೆ.

ಆಗ ನಿಜಾಮರ ಆಳ್ವಿಕೆ. ಆ ಮಧ್ಯಾಹ್ನ ನನ್ನ ಸೋದರತ್ತೆಯನ್ನು ನೋಡಲು ಕೊಪ್ಪಳದ ಸಾಲಿ ಮಾಸ್ತರರೊಬ್ಬರು ತಾಯಿಯ ಜೊತೆ ಬಂದಿದ್ದರು. ಹುಡುಗಿ ನೇಯ್ದ ಸೀರೆಯನ್ನು ಬೀಗರಿಗೆ ತೋರಿಸುವುದು ನಮ್ಮಲ್ಲಿ ರೂಢಿ. ಎಲ್ಲರೂ ಚಂದದ ಸೆರಗು ಮೇಲೆ ಬರುವಂತೆ ಮಡಚಿ ತೋರಿಸುತ್ತಿದ್ದರು. ಅಜ್ಜಿ ಹಾಗಲ್ಲ. ಮಡಿಕೆಗಳನ್ನೆಲ್ಲ ಬಿಚ್ಚಿ ಕಂಬಳಿಯ ಮೇಲೆ ಹರಡಿ, ಗಿರಾಕಿಗೆ ದೋಷ ತೋರಿಸುವಂತೆಯೇ, ನಡುವೆ ಕಡಿದಿದ್ದ ಎಳೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಎಳಿ ಕಡದೈತ್ರಿ. ಹಂಗ ನಮ್ಮ ಹುಡುಗಿಗೆ ಎಡಗಿವಿ ಕೇಳಂಗಿಲ್ರಿ."

ಅಪ್ಪ ತಲೆ ತಗ್ಗಿಸಿದ. ಮಾಸ್ತರರ ತಾಯಿ ಚಹಾದ ಬಟ್ಟಲು ಕೆಳಗಿಟ್ಟರು. ಮಾಸ್ತರರು ಬಗ್ಗಿ ಆ ಎಳೆಯನ್ನೇ ನೋಡುತ್ತಿದ್ದರು.

"ಗದಗಿನ ಪಾದ್ರಿಯೊಬ್ರು ನನಗ ಹಳೇ ಗ್ರೀಕ್ ಶಬ್ದ ಒಂದು ಹೇಳಿಕೊಟ್ಟಿದ್ರು," ಅಂದರು. "ಹಾಪ್ಲೋಟೆಸ್. ಸರಳತನ, ಒಳಗೊಂದು ಹೊರಗೊಂದು ಇಲ್ಲದ್ದು ಅಂತ ಅರ್ಥ. 'ಒಂದೇ ಮಡಿಕಿ' ಅನ್ನೋದರಿಂದ ಹುಟ್ಟಿದ್ದಂತ. ಸರಳತನಕ್ಕೂ ಮಡಿಕಿಗೂ ಏನು ಸಂಬಂಧ ಅಂತ ಆಗ ನನಗ ತಿಳಿದಿದ್ದಿಲ್ಲ."

"ಆ ದೇಶದಾಗೂ ಸೀರಿ ಮಡಚ್ತಾರೇನ್ರಿ?" ನನಗೆ ಸುಮ್ಮನಿರಲಾಗಲಿಲ್ಲ.

"ಅರಿವಿ ಎಲ್ಲಾ ದೇಶದಾಗೂ ಮಡಚ್ತಾರವ್ವ," ಅಂತ ಮಾಸ್ತರರು ನಕ್ಕರು.

ಆಮೇಲೆ ಸೋದರತ್ತೆಯ ಎಡಕ್ಕೆ ಕೂತಿದ್ದ ಮಾಸ್ತರರು ಎದ್ದು, ಸೀರೆ ತುಳಿಯದಂತೆ ಸುತ್ತಿ ಬಂದು, ಬಲಕ್ಕೆ ಕೂತು ಮೆಲ್ಲಗೆ ಅವಳ ಹೆಸರು ಕೇಳಿದರು.